ಬಿರುಕಿಗೆ ಬೆನ್ನಿನಿಂದ ಮದ್ದು

ಶಿರಸಿ ಕಡೆಯ ಒಂದು ತೋಟದ ಮನೆಯ ಕೊಟ್ಟಿಗೆಯಲ್ಲಿ, ಅಡಿಕೆ ಸಿಪ್ಪೆಯ ರಾಶಿಯ ಪಕ್ಕದಲ್ಲಿ, ಹದಿನೆಂಟು ವರ್ಷ ನಿಂತಿದ್ದ ಕಾರನ್ನು ನಾನು ಕೊಂಡೆ. ಬಾನೆಟ್ಟಿನ ಬಲಮೂಲೆಯಲ್ಲಿ ಗೇಣುದ್ದದ ಬಿರುಕಿತ್ತು. “ತಮ್ಮಾ, ಎಂಜಿನ್ ಬೇಕಾದರೆ ಸರಿಯಾದೀತು, ಆ ಬಿರುಕು ಮಾತ್ರ ಕೂಡುವುದಿಲ್ಲ. ಮೂರು ಸಲ ಮಾಡಿಸಿ ಸೋತಿದ್ದೇನೆ” ಎಂದು ಯಜಮಾನರು ಮೊದಲೇ ಹೇಳಿದ್ದರು. ಟೆಂಪೊದಲ್ಲಿ ಹಗ್ಗ ಬಿಗಿದು ದೇವಿಮನೆ ಘಟ್ಟ ಇಳಿಸಿ, ಕುಮಟಾ, ಅಂಕೋಲಾ ದಾಟಿ ಕಾರವಾರಕ್ಕೆ ತರುವಷ್ಟರಲ್ಲಿ ಆ ಬಿರುಕು ಇನ್ನೂ ಒಂದು ಬೆರಳಿನಷ್ಟು ಮುಂದೆ ಹೋಗಿತ್ತು.

ಕಾರು ಸಿಪಾನಿ ಡಾಲ್ಫಿನ್. ಬೆಂಗಳೂರಿನಲ್ಲಿ 1982ರಿಂದ ತಯಾರಾದ, ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರನ್ನು ಆಧರಿಸಿದ ಪುಟ್ಟ ವಾಹನ. 848 ಸಿಸಿಯ ಅಲ್ಯೂಮಿನಿಯಂ ಎಂಜಿನ್, ಉಕ್ಕಿನ ಚಾಸಿಸ್, ಅದರ ಮೇಲೆ ಫೈಬರ್‌ಗ್ಲಾಸಿನ ಮೈ. 1983ರ ಕೊನೆಗೆ ಮಾರುತಿ 800 ಬಂದ ಮೇಲೆ ಇದನ್ನು ಕೇಳುವವರು ಕಡಿಮೆಯಾದರು. ಈಗ ಇದಕ್ಕೆ ಬಿಡಿಭಾಗ ಹುಡುಕುವುದೆಂದರೆ ಇನ್ನೊಂದು ಇಡೀ ಕಾರನ್ನೇ ಹುಡುಕಿದಂತೆ. ನಮ್ಮ ರಾಜ್ಯದಲ್ಲೇ ಹುಟ್ಟಿದ ಕಾರಿನ ಮೂಲ ಬಾನೆಟ್ಟನ್ನು ಕಿತ್ತೆಸೆದು, ಯಾರೋ ಅಂದಾಜಿನ ಮೇಲೆ ಮಾಡಿಕೊಟ್ಟ ತಗಡನ್ನು ಕೂರಿಸಲು ನನಗೆ ಮನಸ್ಸಾಗಲಿಲ್ಲ. ಅಚ್ಚು ಕಳೆದುಹೋದ ಮೇಲೆ ಆ ಆಕಾರಕ್ಕೆ ಉಳಿದಿರುವ ಸಾಕ್ಷಿ ಆ ತುಂಡೊಂದೇ.

ಮೊದಲ ಪ್ರಯತ್ನದಲ್ಲಿ ನಾನೂ ಯಜಮಾನರ ದಾರಿಯನ್ನೇ ಹಿಡಿದೆ. ಜುಲೈ ತಿಂಗಳ ಒಂದು ಭಾನುವಾರ ಬಿರುಕಿನ ಮೇಲಿನ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿ, ಪುಟ್ಟಿ ತುಂಬಿ, ನಯ ಮಾಡಿ, ಪ್ರೈಮರ್ ಹೊಡೆದೆ. ನೋಡಲು ಚೆನ್ನಾಗಿಯೇ ಇತ್ತು. ಚೌತಿ ಹಬ್ಬದ ಹೊತ್ತಿಗೆ ಅದೇ ಗೆರೆ ಕೂದಲೆಳೆಯ ಹಾಗೆ ಮತ್ತೆ ಮೂಡಿತು. ಉಗುರಿನಿಂದ ಮೀಟಿದರೆ ಪುಟ್ಟಿ ಬಿಲ್ಲೆಯಾಗಿ ಎದ್ದು ಬಂತು; ಅದರ ಅಡಿ ತಣ್ಣಗೆ ಒದ್ದೆಯಾಗಿತ್ತು.

ಇದಕ್ಕೆ ಉತ್ತರ ಸಿಕ್ಕಿದ್ದು ಗ್ಯಾರೇಜಿನಲ್ಲಿ ಅಲ್ಲ, ಕಾರವಾರದ ಬೈತಖೋಲ ಬಂದರಿನಲ್ಲಿ. ನಮ್ಮ ಕರಾವಳಿಯಲ್ಲಿ ಫೈಬರ್ ದೋಣಿಗಳು ಎಷ್ಟಿವೆಯೋ, ಅವುಗಳಿಗೆ ತೇಪೆ ಹಾಕಬಲ್ಲ ಕೈಗಳೂ ಅಷ್ಟೇ ಇವೆ. ಕಾರಿನ ಫೈಬರ್ ಬೇರೆ, ದೋಣಿಯ ಫೈಬರ್ ಬೇರೆ ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ. ಎರಡೂ ಅದೇ ಗಾಜಿನ ನೂಲು, ಅದನ್ನು ಗಟ್ಟಿಯಾಗಿ ಹಿಡಿದಿಡುವ ಅದೇ ಪಾಲಿಯೆಸ್ಟರ್ ರೆಸಿನ್. ಬಾನೆಟ್ಟನ್ನು ಬಿಚ್ಚಿ ರಿಕ್ಷಾದಲ್ಲಿ ಹಾಕಿಕೊಂಡು ಹೋದೆ. ಅಲ್ಲಿನ ಮೇಸ್ತ್ರಿ ಬಿರುಕಿನ ಕಡೆ ಕಣ್ಣನ್ನೂ ಹಾಯಿಸಲಿಲ್ಲ. ಬಾನೆಟ್ಟನ್ನು ಮಗುಚಿ ಹಾಕಿ, ಜೇಬಿನಿಂದ ಐದು ರೂಪಾಯಿಯ ನಾಣ್ಯ ತೆಗೆದು ಹಿಂಬದಿಯಲ್ಲಿ ಅಂಗುಲ ಅಂಗುಲಕ್ಕೆ ತಟ್ಟುತ್ತಾ ಬಂದರು. ಗಟ್ಟಿ ಇದ್ದಲ್ಲಿ ‘ಟಕ್ ಟಕ್’ ಎಂದು ಸ್ಪಷ್ಟ ಸದ್ದು. ಮೂಲೆಗೆ ಬರುತ್ತಿದ್ದಂತೆ ‘ಡಬ್ ಡಬ್’. ಪದರಗಳು ಒಂದರಿಂದ ಒಂದು ಬಿಟ್ಟುಕೊಂಡ ಜಾಗ ಅದು. ಸೀಸದ ಕಡ್ಡಿಯಿಂದ ಅದರ ಸುತ್ತ ಗೆರೆ ಎಳೆದಾಗ ನಾನು ಕಂಡದ್ದು: ಮೇಲಿನಿಂದ ಗೇಣುದ್ದದ ಒಂದು ಗೆರೆ, ಒಳಗಿನಿಂದ ಅಂಗೈಯಗಲದ ಗಾಯ.

“ಮಾಸ್ತರರೆ, ಇದು ಯಾಕೆ ಸೀಳಿತು ಎಂದು ನೋಡಿದಿರಾ?”

ನೋಡಿರಲಿಲ್ಲ. ಬಿರುಕಿನ ಬುಡದಲ್ಲಿ ಬೋಲ್ಟಿನ ತೂತಿತ್ತು. ವಾಷರ್ ಇಲ್ಲದೆ ಯಾರೋ ಬಿಗಿದಿದ್ದರು. ಬೋಲ್ಟಿನ ತಲೆಯ ಅಡಿಯಲ್ಲಿ ಗಾಜಿನ ಪದರ ಜಜ್ಜಿ ಬಿಳಿಚಿಕೊಂಡಿತ್ತು. ತೂತು ದುಂಡಗಿನದು ಹೋಗಿ ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಬಾನೆಟ್ಟು ಹಾಕುವಾಗಲೂ ತೆಗೆಯುವಾಗಲೂ ಆ ಮೂಲೆ ಅಲುಗುತ್ತಿತ್ತು. ಅಲುಗುವ ಜಾಗಕ್ಕೆ ಎಷ್ಟು ಸಲ ಪುಟ್ಟಿ ಮೆತ್ತಿದರೂ ಅಷ್ಟು ಸಲವೂ ಅದು ಒಡೆಯುತ್ತದೆ. ಮೂರು ದುರಸ್ತಿಗಳು, ನನ್ನದೂ ಸೇರಿ ನಾಲ್ಕು, ಯಾಕೆ ಕೆಟ್ಟವು ಎಂಬುದು ಆ ತೂತಿನಲ್ಲೇ ಬರೆದಿತ್ತು.

ಮೇಸ್ತ್ರಿಯವರು ಇನ್ನೊಂದು ಮಾತನ್ನೂ ಹೇಳಿದರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಅವರ ಕೆಲಸವೆಲ್ಲ ಮಳೆಗಾಲದಲ್ಲೇ. ಟಾರ್ಪಾಲು ಕಟ್ಟಿ, ದೊಡ್ಡ ಬಲ್ಬು ಉರಿಸಿ, ಒಣಗಿಸಿ ಒಣಗಿಸಿ ಮಾಡುತ್ತಾರೆ. “ನಮಗೆ ಬೇರೆ ದಾರಿ ಇಲ್ಲ. ನಿಮಗೇನು ಅವಸರ?” ಆ ಮಾತಿಗೆ ತಲೆಬಾಗಿ ನಾನು ಡಿಸೆಂಬರ್‌ವರೆಗೆ ಕಾದೆ. ಬಾನೆಟ್ಟನ್ನು ಅಟ್ಟದ ಮೇಲೆ, ಒಲೆಯ ಹೊಗೆ ತಾಗದ ಕಡೆ, ಬೆನ್ನು ಮೇಲಾಗಿ ಒರಗಿಸಿಟ್ಟೆ. ಗಾಜಿನ ನೂಲು ಬಿರುಕಿನ ಮೂಲಕ ನೀರನ್ನು ಒಳಗೆಳೆದುಕೊಂಡಿರುತ್ತದೆ. ಅದು ಹೊರಗೆ ಹೋಗದೆ ಮೇಲಿನಿಂದ ಏನು ಹಾಕಿದರೂ ನಿಲ್ಲುವುದಿಲ್ಲ.

ಡಿಸೆಂಬರಿನಲ್ಲಿ ಕೆಲಸ ಶುರುವಾಯಿತು. ಬಿರುಕಿನ ತುದಿ ಎಲ್ಲಿದೆ ಎಂದು ಭೂತಗನ್ನಡಿ ಹಿಡಿದು ಹುಡುಕಿ, ಅದರಾಚೆ ಒಂದು ಕೂದಲಿನಷ್ಟು ಮುಂದಕ್ಕೆ 3 ಮಿಲಿಮೀಟರಿನ ತೂತು ಕೊರೆದೆ. ಮೊನಚಾದ ತುದಿಯಲ್ಲಿ ಒತ್ತಡವೆಲ್ಲ ಒಂದೇ ಬಿಂದುವಿಗೆ ಬೀಳುತ್ತದೆ. ದುಂಡು ತೂತು ಅದನ್ನು ಸುತ್ತಲೂ ಹಂಚುತ್ತದೆ. ಆಮೇಲೆ ಮುಂಬದಿಗೆ ಮೇಣ ಸವರಿದ ಸನ್ಮೈಕಾ ತುಂಡನ್ನು ಬಾಗಿಸಿ ಕ್ಲ್ಯಾಂಪು ಹಾಕಿದೆ. ಇದನ್ನು ಬಿಟ್ಟು ಹಿಂದೆ ಉಜ್ಜಲು ಹೊರಟರೆ ಎರಡು ಅಂಚುಗಳು ಮೇಲೆ ಕೆಳಗೆ ಸರಿದು, ಗಟ್ಟಿಯಾದ ಮೇಲೆ ಮೆಟ್ಟಿಲಾಗಿ ನಿಲ್ಲುತ್ತವೆ.

ಹಿಂಬದಿಯನ್ನು ಗ್ರೈಂಡರಿನಿಂದ ಇಳಿಜಾರಾಗಿ ತೆಗೆದೆ. ದಪ್ಪಕ್ಕೆ ಹನ್ನೆರಡು ಪಟ್ಟು ಅಗಲ ಎಂಬುದು ಲೆಕ್ಕ. ಪದರ ಅಲ್ಲಿ 3 ಮಿಲಿಮೀಟರ್ ದಪ್ಪವಿತ್ತು, ಹಾಗಾಗಿ ಬಿರುಕಿನ ಎರಡೂ ಕಡೆ 36 ಮಿಲಿಮೀಟರ್. ಚೆನ್ನಾಗಿರುವ ಫೈಬರನ್ನು ಅಷ್ಟಗಲ ತೆಗೆಯಲು ಕೈ ಹಿಂಜರಿಯುತ್ತದೆ. ಆದರೆ ಹೊಸ ಪದರ ಹಳೆಯದನ್ನು ಹಿಡಿಯುವುದು ಈ ಇಳಿಜಾರಿನ ಅಗಲದಿಂದಲೇ. ರೆಸಿನ್ ಬರಿಯ ಅಂಟಾಗಿ ಮಾತ್ರ ಕೆಲಸ ಮಾಡುತ್ತದೆ, ಹಳೆಯದರೊಂದಿಗೆ ಕರಗಿ ಬೆರೆಯುವುದಿಲ್ಲ. ಬಿಳಿಚಿದ ಜಾಗ ಎಲ್ಲಿಯವರೆಗೆ ಕಂಡಿತೋ ಅಲ್ಲಿಯವರೆಗೆ ಉಜ್ಜಿದೆ. ಈ ಧೂಳಿನ ಬಗ್ಗೆ ಗಂಭೀರವಾಗಿ ಹೇಳುತ್ತೇನೆ: ಮುಖಕ್ಕೆ ಒಳ್ಳೆಯ ಮಾಸ್ಕ್, ಕಣ್ಣಿಗೆ ಮುಚ್ಚಿದ ಕನ್ನಡಕ, ತುಂಬುತೋಳಿನ ಅಂಗಿ ಇಲ್ಲದೆ ಗ್ರೈಂಡರ್ ಮುಟ್ಟಬಾರದು. ಕೆಲಸ ಮುಗಿದ ಮೇಲೆ ಮೊದಲು ತಣ್ಣೀರಿನಲ್ಲಿ ಮೈ ತೊಳೆಯಬೇಕು.

ಎಪಾಕ್ಸಿ ಎಂಬ ಇನ್ನೊಂದು ಬಗೆಯ ರೆಸಿನ್ ಹೆಚ್ಚು ಗಟ್ಟಿ ಎಂದು ಕೇಳಿ ಅದನ್ನೇ ತಂದಿಟ್ಟಿದ್ದೆ. ಗಾಜಿನ ಚೂರುನೂಲನ್ನು ಹಾಸಿ ಅಂಟಿಸಿದ ಮ್ಯಾಟಿನ ಒಂದು ತುಂಡಿಗೆ ಹಚ್ಚಿ ನೋಡಿದರೆ ಮ್ಯಾಟು ಬಗ್ಗಲೊಪ್ಪದೆ, ಬೆಳ್ಳಗೆ, ರಟ್ಟಿನಂತೆ ಸೆಟೆದು ನಿಂತಿತು. ನೂಲುಗಳನ್ನು ಹಿಡಿದಿಟ್ಟಿರುವ ಅಂಟು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನ್ ಎಂಬ ದ್ರವಕ್ಕೆ ಕರಗುತ್ತದೆ, ಎಪಾಕ್ಸಿಗೆ ಕರಗುವುದಿಲ್ಲ. ಎಪಾಕ್ಸಿಗೆ ನೇಯ್ದ ಬಟ್ಟೆ ಬೇಕು. ನಾನು ಮೂಲ ವಸ್ತುವಿಗೇ ಮರಳಿದೆ: ಪಾಲಿಯೆಸ್ಟರ್, ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟಿನ ಮೂರು ಪದರ. ಒಂದು ಪದರ ಸುಮಾರು 1 ಮಿಲಿಮೀಟರ್ ದಪ್ಪ ಬರುತ್ತದೆ. ದೊಡ್ಡ ತುಂಡು ಮೊದಲು, ಚಿಕ್ಕವು ಅದರ ಮೇಲೆ. ನೂರು ಗ್ರಾಂ ರೆಸಿನ್ನಿಗೆ ಒಂದೂವರೆ ಗ್ರಾಂ ಹಾರ್ಡ್ನರ್, ತಕ್ಕಡಿಯಲ್ಲಿ ತೂಗಿಯೇ. ಗಟ್ಟಿಯಾಗುವುದನ್ನು ಚುರುಕುಗೊಳಿಸುವ ಕೋಬಾಲ್ಟ್ ದ್ರಾವಣವನ್ನು ಮೊದಲು ರೆಸಿನ್ನಿಗೆ ಹಾಕಿ ಪೂರ್ತಿ ಕಲಸಿದ ಮೇಲೆಯೇ ಹಾರ್ಡ್ನರ್ ಬಾಟಲಿ ಬಿಚ್ಚಬೇಕು. ಅವೆರಡು ನೇರವಾಗಿ ಕೂಡಿದರೆ ಸಿಡಿಯುತ್ತವೆ. ನಾನು ಅವನ್ನು ಬೇರೆ ಬೇರೆ ಕಪಾಟಿನಲ್ಲಿ ಇಟ್ಟಿದ್ದೇನೆ.

ಹಚ್ಚುವಾಗ ಕುಂಚವನ್ನು ಎಳೆಯಬಾರದು, ಕುಕ್ಕಬೇಕು. ಎಳೆದರೆ ನೂಲು ಕುಂಚಕ್ಕೆ ಸುತ್ತಿ ಬರುತ್ತದೆ. ಕುಕ್ಕುತ್ತಾ ಹೋದಂತೆ ಬಿಳಿ ಮ್ಯಾಟು ಕ್ರಮೇಣ ನೀರುನೀರಾಗಿ ಪಾರದರ್ಶಕವಾಗುತ್ತದೆ. ಬಿಳಿ ಉಳಿದಲ್ಲೆಲ್ಲ ಗಾಳಿ ಉಳಿದಿದೆ ಎಂದರ್ಥ. ಆ ಬಿಳಿ ಚುಕ್ಕೆಗಳು ಒಂದೊಂದಾಗಿ ಮಾಯವಾಗುವುದನ್ನು ನೋಡುವುದು ನನಗೆ ಈ ಕೆಲಸದಲ್ಲಿ ಅತ್ಯಂತ ಪ್ರಿಯವಾದ ಗಳಿಗೆ. ಮೂರು ದಿನ ಬಿಟ್ಟು ಸನ್ಮೈಕಾ ತೆಗೆದೆ. ಮುಂಬದಿಯಲ್ಲಿ ಉಳಿದದ್ದು ತೆಳ್ಳನೆಯ ಗೆರೆ ಮಾತ್ರ. ಅದನ್ನು ಸ್ವಲ್ಪ ತೋಡಿ, ರೆಸಿನ್ನಿಗೆ ಪುಡಿನೂಲು ಬೆರೆಸಿ ತುಂಬಿದೆ. ಪುಟ್ಟಿ ಬೇಕಾದದ್ದು ಕಾಗದದ ದಪ್ಪಕ್ಕೆ. ಬೋಲ್ಟಿನ ತೂತನ್ನು ಪೂರ್ತಿ ಮುಚ್ಚಿ, ಹೊಸದಾಗಿ ಕೊರೆದು, ಎರಡೂ ಕಡೆ ಅಗಲವಾದ ವಾಷರ್, ನಡುವೆ ರಬ್ಬರ್ ಕೊಟ್ಟು ಕೈಬಿಗಿಗಿಂತ ಸ್ವಲ್ಪವೇ ಹೆಚ್ಚು ಬಿಗಿದೆ.

ಮೀಟರುಗಳ ಸುತ್ತಲಿನ ಕಪ್ಪು ಪ್ಲಾಸ್ಟಿಕ್ ಚೌಕಟ್ಟು ಬೇರೆಯೇ ಪಾಠ ಕಲಿಸಿತು. ಅದು ಎರಡು ಕಡೆ ಸೀಳಿತ್ತು, ಮೂಲೆಯ ಒಂದು ಚೂರು ಇರಲೇ ಇಲ್ಲ. ಪ್ಲಾಸ್ಟಿಕ್ಕಿನ ಕುಲ ಗೊತ್ತಾಗದೆ ಅಂಟು ಹಚ್ಚಬಾರದು. ಒಳಗಿನಿಂದ ಕಡ್ಡಿಯಷ್ಟು ಕೆರೆದು ನೀರಿಗೆ ಹಾಕಿದೆ, ಮುಳುಗಿತು. ತೇಲಿದ್ದರೆ ಪಾಲಿಪ್ರೊಪಿಲೀನ್ ಇರಬಹುದಿತ್ತು; ಅದಕ್ಕೆ ಸಾಮಾನ್ಯ ಅಂಟುಗಳು ಹಿಡಿಯುವುದಿಲ್ಲ, ಅದೇ ಜಾತಿಯ ಕಡ್ಡಿಯಿಂದ ಬೆಸೆಯಬೇಕು. ಇನ್ನೊಂದು ಚೂರಿಗೆ ಅಸಿಟೋನ್ ಹನಿಸಿದಾಗ ಬೆರಳಿಗೆ ಅಂಟುವಷ್ಟು ಮೆತ್ತಗಾಯಿತು. ಎಬಿಎಸ್ ಎಂಬ ಜಾತಿಯ ಪ್ಲಾಸ್ಟಿಕ್ ಎಂದು ತೀರ್ಮಾನಿಸಿದೆ.

ಎಬಿಎಸ್ಸಿಗೆ ಎಬಿಎಸ್ಸೇ ಮದ್ದು. ಕೆಟ್ಟುಹೋದ ಹಳೆಯ ಕಪ್ಪು ಟೆಲಿಫೋನಿನ ಕವಚಕ್ಕೂ ಅದೇ ಪರೀಕ್ಷೆ ಮಾಡಿ, ಇಕ್ಕುಳದಿಂದ ಚೂರು ಮಾಡಿ, ಗಾಜಿನ ಬಾಟಲಿಯಲ್ಲಿ ಅಸಿಟೋನ್ ಹಾಕಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ದೋಸೆ ಹಿಟ್ಟಿನ ಹದಕ್ಕೆ ಬಂದಿತ್ತು. ಬಿರುಕಿನ ತುದಿಗೆ ಸಣ್ಣ ತೂತು, ಹಿಂಬದಿಗೆ ಸ್ಟೀಲಿನ ಸಣ್ಣ ಜಾಲರಿಯನ್ನು ಸಾಲ್ಡರಿಂಗ್ ಕಡ್ಡಿಯಿಂದ ಒತ್ತಿ ಹೂತು, ಮೇಲೆ ಈ ಹಿಟ್ಟು. ಒಂದೇ ಸಲ ದಪ್ಪಗೆ ಹಾಕಿದರೆ ಒಳಗಿನ ಅಸಿಟೋನ್ ಹೊರಗೆ ಬರಲಾರದೆ ಗುಳ್ಳೆ ಏಳುತ್ತದೆ, ಒಣಗಿದ ಮೇಲೆ ತಗ್ಗೂ ಬೀಳುತ್ತದೆ. ನಾನು ದಿನಕ್ಕೊಂದು ತೆಳು ಪದರದಂತೆ ಒಂಬತ್ತು ದಿನ ಹಾಕಿದೆ, ಶಾಲೆಗೆ ಹೊರಡುವ ಮುನ್ನ ಒಂದೊಂದು.

ಚೌಕಟ್ಟಿನ ಮೇಲ್ಮೈಗೆ ಚರ್ಮದಂಥ ನೆರಿಗೆಯಿತ್ತು. ದುರಸ್ತಿಯಾದ ಮೂಲೆ ನುಣ್ಣಗೆ ಹೊಳೆಯುತ್ತಿದ್ದರೆ ಎಷ್ಟು ಚೆನ್ನಾಗಿ ಕೂಡಿದ್ದರೂ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ. ಸರಿಯಿದ್ದ ಎದುರು ಮೂಲೆಗೆ ವ್ಯಾಸಲಿನ್ ತೆಳುವಾಗಿ ಸವರಿ, ಸಿಲಿಕೋನ್ ಹಚ್ಚಿ, ಎರಡು ದಿನದ ಮೇಲೆ ಸುಲಿದಾಗ ನೆರಿಗೆಯ ಪಡಿಯಚ್ಚು ರಬ್ಬರಿನ ಮೇಲೆ ಬಂದಿತ್ತು. ಅದನ್ನು ಸೋಪಿನಲ್ಲಿ ತೊಳೆದು ಒರೆಸಿ, ಕೊನೆಯ ಪದರ ಅರೆ ಮೆತ್ತಗಿದ್ದಾಗ ಒತ್ತಿ ಹಿಡಿದೆ. ಮೊದಲೆರಡು ಸಲ ಒತ್ತು ಹೆಚ್ಚಾಗಿ ಕೆಟ್ಟಿತು, ಉಜ್ಜಿ ತೆಗೆದು ಮತ್ತೆ ಹಾಕಿದೆ. ಮೂರನೆಯ ಸಲ ಬಂತು. ಬಣ್ಣ ಹೊಡೆಯಲಿಲ್ಲ, ಕಪ್ಪಿಗೆ ಕಪ್ಪು ಸೇರಿದೆ.

ಬಾನೆಟ್ಟು ಈಗ ಎರಡು ಮಳೆಗಾಲ ಕಂಡಿದೆ. ಪ್ರತಿ ತಿಂಗಳು ನಾಣ್ಯ ಹಿಡಿದು ಆ ಮೂಲೆಯನ್ನು ತಟ್ಟಿ ನೋಡುತ್ತೇನೆ, ಸದ್ದು ಸ್ಪಷ್ಟವಾಗಿಯೇ ಇದೆ. ಎಡಬಾಗಿಲ ಕೆಳಮೂಲೆಯಲ್ಲಿ ಮಾತ್ರ ಕಳೆದ ವಾರ ಒಂದು ‘ಡಬ್’ ಕೇಳಿಸಿತು. ಸೀಸದ ಕಡ್ಡಿಯಿಂದ ಸುತ್ತ ಗೆರೆ ಎಳೆದಿಟ್ಟಿದ್ದೇನೆ. ಅದರ ಕೆಲಸ ಈ ಡಿಸೆಂಬರಿಗೆ.