ಕೊಲೆಯಾದ ಮನೆಯ ಮಾರಾಟ: ಬೀಗದ ಕೈಯಿಂದ ಕ್ರಯಪತ್ರದವರೆಗೆ

ಬೆಂಗಳೂರಿನಲ್ಲಿ ಮನೆಗಳ ಕಾಗದಪತ್ರ ನೋಡಿ ವ್ಯಾಪಾರ ಮುಗಿಸಿಕೊಡುವುದು ನನ್ನ ಕೆಲಸ. ಕೊಲೆ ನಡೆದು ಟಿವಿಯಲ್ಲಿ ದಿನಗಟ್ಟಲೆ ಸುದ್ದಿಯಾದ ಮನೆಗಳೂ ಇದರಲ್ಲಿ ಬರುತ್ತವೆ. ಇಂಥ ಮನೆಗೆ ದೆವ್ವದ ಭಯವೇ ದೊಡ್ಡ ತೊಡಕು ಎಂದು ಎಲ್ಲರೂ ಹೇಳುತ್ತಾರೆ. ನಾನು ಕಂಡಂತೆ ವ್ಯಾಪಾರ ಮುರಿದುಬೀಳುವುದು ಎರಡು ಕಡೆ: ವಾರಸುದಾರರು ಯಾರು ಎಂಬುದು ಕಾಗದದಲ್ಲಿ ತೀರ್ಮಾನವಾಗದಿದ್ದಾಗ, ಮತ್ತು ಅಡ್ವಾನ್ಸ್ ಕೊಟ್ಟ ಮೇಲೆ ಪಕ್ಕದ ಮನೆಯವರ ಬಾಯಿಂದ ವಿಷಯ ಗೊತ್ತಾದಾಗ. ಮನೆಯವರು ಇನ್ನೂ ದುಃಖದಲ್ಲಿರುವಾಗಲೇ ಈ ಕೆಲಸ ಶುರುವಾಗುತ್ತದೆ. ಅವರನ್ನು ಎರಡೆರಡು ಸಲ ಠಾಣೆ, ಕೋರ್ಟು ಅಲೆಸಬಾರದು ಎಂದಾದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಗೊತ್ತಿರಬೇಕು.

ಮೊದಲು ಬೀಗದ ಕೈ. ಮಹಜರು ಮುಗಿದು ಪೊಲೀಸರು ಹೊರಟುಹೋದರೆ ಮನೆ ನಿಮ್ಮ ಕೈಗೆ ಬಂತು ಎಂದಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧಗಳಿಗೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸುವ ನಿಯಮವಿದೆ. ಅವರು ಎರಡನೇ ಸಲ ಬರುವುದೂ ಉಂಟು. ಆದ್ದರಿಂದ 'ಈ ಸ್ಥಳ ಇನ್ನು ತನಿಖೆಗೆ ಬೇಕಾಗಿಲ್ಲ' ಎಂದು ತನಿಖಾಧಿಕಾರಿಯಿಂದ ಬರಹದಲ್ಲಿ ಪಡೆಯುವವರೆಗೆ ಒಂದು ಬಕೆಟ್ ನೀರನ್ನೂ ಸುರಿಯಬೇಡಿ. ಸಾಕ್ಷ್ಯ ನಾಶದ ಆರೋಪ ಮನೆಯವರ ಮೇಲೇ ಬರಬಹುದು. ಕೀಲಿ ಕೊಡಲು ಸತಾಯಿಸಿದರೆ ವಕೀಲರ ಮೂಲಕ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿ. ತನಿಖೆ ವೇಳೆ ಜಪ್ತಿ ಮಾಡುವ ಅಧಿಕಾರ ಸ್ಥಿರಾಸ್ತಿಗೆ ಅನ್ವಯಿಸುವುದಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ತೀರ್ಪನ್ನು ಅರ್ಜಿಯಲ್ಲಿ ಕಾಣಿಸುವುದು ಒಳ್ಳೆಯದು.

ಇನ್ನು ಕಾಗದ. ಕೊಲೆಯಾದವರು ಬಾಡಿಗೆದಾರರಾಗಿದ್ದು ಮಾಲೀಕರಿಗೂ ಪ್ರಕರಣಕ್ಕೂ ಸಂಬಂಧವಿಲ್ಲದಿದ್ದರೆ ಇಲ್ಲಿ ತೊಡಕಿಲ್ಲ, ಮಾಮೂಲಿ ಮಾರಾಟ. ಸತ್ತವರೇ ಮಾಲೀಕರಾಗಿದ್ದು, ಆರೋಪಿ ಮನೆಯವನೇ ಆಗಿದ್ದರೆ ಅದು ಬೇರೆಯೇ ಲೆಕ್ಕ. ಹಿಂದೂ ಉತ್ತರಾಧಿಕಾರ ಕಾಯ್ದೆ, 1956ರ 25ನೇ ಕಲಂ ಪ್ರಕಾರ ಕೊಲೆ ಮಾಡಿದವನಿಗೆ, ಕೊಲೆಗೆ ಕುಮ್ಮಕ್ಕು ಕೊಟ್ಟವನಿಗೆ ಸತ್ತವರ ಆಸ್ತಿಯಲ್ಲಿ ಪಾಲಿಲ್ಲ. 27ನೇ ಕಲಂ ಪ್ರಕಾರ ಅವನು ಸತ್ತವರಿಗಿಂತ ಮೊದಲೇ ತೀರಿಕೊಂಡಂತೆ ಲೆಕ್ಕ. 'ಹಾಗಾದರೆ ಅವನ ಹೆಂಡತಿಗೆ ಬರುತ್ತದಲ್ಲ' ಎಂದು ಕೇಳುವವರಿದ್ದಾರೆ. ತಂದೆಯನ್ನು ಕೊಂದ ಮಗನ ಹೆಂಡತಿ, ಗಂಡನ ಮೂಲಕ ಮಾವನ ಆಸ್ತಿ ಕೇಳಲಾಗದು ಎಂದು 2005ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ.

ಹೆಚ್ಚು ಎಡವುವುದು ಜಂಟಿ ಕ್ರಯಪತ್ರದಲ್ಲಿ. ಮನೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿದೆ, ಗಂಡನೇ ಹೆಂಡತಿಯನ್ನು ಕೊಂದಿದ್ದಾನೆ ಎಂದಿಟ್ಟುಕೊಳ್ಳಿ. ಅವನು ಕಳೆದುಕೊಳ್ಳುವುದು ಹೆಂಡತಿಯ ಅರ್ಧದ ಮೇಲಿನ ಹಕ್ಕನ್ನು ಮಾತ್ರ. ತನ್ನ ಅರ್ಧಕ್ಕೆ ಅವನು ಜೈಲಿನಲ್ಲಿದ್ದರೂ ಮಾಲೀಕನೇ, ಅವನ ಸಹಿ ಬೇಕೇ ಬೇಕು. ನೋಂದಣಿ ಕಾಯ್ದೆ, 1908ರ 33ನೇ ಕಲಂನಲ್ಲಿ ಇದಕ್ಕೆ ದಾರಿಯಿದೆ: ಮುಖ್ತಿಯಾರ್ ಪತ್ರ (ತನ್ನ ಪರವಾಗಿ ಸಹಿ ಹಾಕುವ ಅಧಿಕಾರ ಬೇರೆಯವರಿಗೆ ಕೊಡುವ ಪತ್ರ) ಮಾಡಿಕೊಡಲು ಜೈಲಿನಲ್ಲಿರುವವನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಬರಬೇಕಿಲ್ಲ, ಅಧಿಕಾರಿಯೇ ಜೈಲಿಗೆ ಹೋಗಿ ಹೇಳಿಕೆ ಪಡೆಯಬಹುದು. ಜೈಲಿನ ಅನುಮತಿಗೆ ಸಮಯ ಹಿಡಿಯುತ್ತದೆ. ಕರಾರಿನ ಅವಧಿ ಬರೆಯುವಾಗ ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ಹೆಂಡತಿಯ ಅರ್ಧ ಮಕ್ಕಳಿಗೆ ಹೋಗುತ್ತದೆ. ಮಕ್ಕಳು ಮೈನರ್ ಆಗಿದ್ದು, ತಾಯಿ ಇಲ್ಲ, ತಂದೆ ಜೈಲಿನಲ್ಲಿ ಎಂದಾದರೆ ಅಜ್ಜಿ ತಾತನೋ ಸೋದರಮಾವನೋ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಕೋರ್ಟಿನಿಂದ ಪೋಷಕರಾಗಿ ನೇಮಕವಾಗಬೇಕು. ಮಾರಾಟಕ್ಕೆ 29ನೇ ಕಲಂ ಅಡಿ ಅನುಮತಿಯನ್ನೂ ಪಡೆಯಬೇಕು. ಮಗುವಿನ ಪಾಲಿನ ಹಣವನ್ನು ಮಗುವಿನ ಹೆಸರಲ್ಲಿ ಠೇವಣಿ ಇಡಲು ಕೋರ್ಟ್ ಹೇಳುವುದು ವಾಡಿಕೆ, ಅದು ನ್ಯಾಯವೂ ಹೌದು. 'ಅಜ್ಜಿ ಸಹಿ ಹಾಕಿದರೆ ಸಾಕು' ಎನ್ನುವ ಬ್ರೋಕರ್ ಮಾತು ನಂಬಿ ಕೊಂಡರೆ, ಮಗು ಹದಿನೆಂಟು ತುಂಬಿದ ಮೇಲೆ ಆ ಮಾರಾಟವನ್ನು ಪ್ರಶ್ನಿಸಬಹುದು. ಅಲ್ಲಿಯವರೆಗೆ ಕೊಂಡವರಿಗೆ ನೆಮ್ಮದಿಯಿಲ್ಲ.

ಮಕ್ಕಳಿಲ್ಲದ ಹೆಂಡತಿ ಕೊಲೆಯಾಗಿದ್ದರೆ ಇನ್ನೂ ಜಟಿಲ. ಅವಳ ಸ್ವಂತ ದುಡಿಮೆಯ ಆಸ್ತಿಗೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಂ, ಗಂಡ ಇಲ್ಲದಿದ್ದರೆ ಗಂಡನ ವಾರಸುದಾರರನ್ನು ಅವಳ ತಂದೆ ತಾಯಿಗಿಂತ ಮುಂದೆ ನಿಲ್ಲಿಸುತ್ತದೆ. ಕೊಂದವನ ಮನೆಯವರಿಗೇ ಆಸ್ತಿ ಹೋಗುವ ಈ ಕ್ರಮ ನನಗೆ ಅನ್ಯಾಯವಾಗಿಯೇ ಕಾಣುತ್ತದೆ. ಇಂಥಲ್ಲಿ ನಾಡಕಚೇರಿಯ ವಂಶವೃಕ್ಷ ನೆಚ್ಚಿಕೊಂಡು ಮುಂದುವರಿಯಬೇಡಿ, ವಾರಸುದಾರರು ಯಾರು ಎಂದು ಘೋಷಿಸುವ ಸಿವಿಲ್ ಕೋರ್ಟಿನ ಡಿಕ್ರಿ ಬೇಕು. ವಿಚಾರಣೆ ಇನ್ನೂ ನಡೆಯುತ್ತಿದ್ದರೂ ಇದೇ ಮಾತು: ಆರೋಪಿಯನ್ನು ವಾರಸುದಾರರ ಪಟ್ಟಿಗೆ ಸೇರಿಸಿದರೂ ತೊಂದರೆ, ಬಿಟ್ಟರೂ ತೊಂದರೆ. ಅವನು ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಮಾಡಿಕೊಟ್ಟರೆ ದಾರಿ ಸಲೀಸು. ಇಲ್ಲದಿದ್ದರೆ ಡಿಕ್ರಿಗೆ ಕಾಯಬೇಕು.

ಜಿಪಿಎ, ಅಂದರೆ ಮಾಲೀಕರು ಬರೆದುಕೊಟ್ಟ ಜನರಲ್ ಪವರ್ ಆಫ್ ಅಟಾರ್ನಿ, ಕೈಯಲ್ಲಿ ಹಿಡಿದು ಮಾರಲು ಬಂದವರ ಬಗ್ಗೆ ಒಂದು ಮಾತು. ಬರೆದುಕೊಟ್ಟವರು ಸತ್ತ ಕ್ಷಣಕ್ಕೆ ಸಾಮಾನ್ಯವಾಗಿ ಜಿಪಿಎ ಕೂಡ ಸಾಯುತ್ತದೆ. ಬೆಂಗಳೂರಿನ ರಿಚ್ಮಂಡ್ ರಸ್ತೆಯ ಮನೆಯಲ್ಲಿ ಶಾಕಿರಾ ಖಲೀಲಿ 1991ರಲ್ಲಿ ಕೊಲೆಯಾದರು, ಅದೇ ಮನೆಯ ಆವರಣದಲ್ಲಿ ಹೂತಿದ್ದ ಅವಶೇಷ ಸಿಕ್ಕಿದ್ದು 1994ರಲ್ಲಿ. ಅಷ್ಟೂ ಕಾಲ ಆಕೆ ಬರೆದುಕೊಟ್ಟಿದ್ದ ಜಿಪಿಎ ಗಂಡ ಶ್ರದ್ಧಾನಂದನ ಕೈಯಲ್ಲಿತ್ತು. ಆಕೆ ಬೇರೆ ಕಡೆ ಹೋಗಿದ್ದಾಳೆ ಎಂದು ಕೇಳಿದವರಿಗೆ ಹೇಳುತ್ತಿದ್ದ. ಜಿಪಿಎ ವ್ಯವಹಾರದಲ್ಲಿ ಬರೆದುಕೊಟ್ಟವರನ್ನು ಎದುರಿಗೆ, ಕನಿಷ್ಠ ವಿಡಿಯೋ ಕರೆಯಲ್ಲಿ, ನೋಡದೆ ದುಡ್ಡು ಕೊಡಬೇಡಿ ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ.

ಸ್ವಚ್ಛತೆಯ ಕೆಲಸಕ್ಕೆ ಬರುವವರಿಗೆ ಅಲ್ಲಿ ಏನಾಗಿದೆ ಎಂದು ಮೊದಲೇ ಹೇಳಿ. ಒಣಗಿದ ರಕ್ತದಲ್ಲೂ ಹೆಪಟೈಟಿಸ್ ಬಿ ವೈರಸ್ ಕನಿಷ್ಠ ಏಳು ದಿನ ಬದುಕಿರಬಲ್ಲದು. ಎರಡು ಜೊತೆ ಗ್ಲೌಸ್, ಎನ್95 ಮಾಸ್ಕ್, ಕನ್ನಡಕ, ರಬ್ಬರ್ ಬೂಟು ಕೊಡಲೇಬೇಕು. ಬಿಸಿನೀರು ಬೇಡ, ರಕ್ತದ ಪ್ರೋಟೀನು ಗಟ್ಟಿಯಾಗಿ ಕಲೆ ಕಚ್ಚಿಕೊಳ್ಳುತ್ತದೆ. ಮೊದಲು ತಣ್ಣೀರು, ಸೋಪಿನಲ್ಲಿ ತೊಳೆದು, ಆಮೇಲೆ ಬ್ಲೀಚ್. ಕೊಳೆ ಇರುವಾಗಲೇ ಬ್ಲೀಚ್ ಸುರಿದರೆ ಅದರ ಶಕ್ತಿಯೆಲ್ಲ ಕೊಳೆಗೇ ಖರ್ಚಾಗುತ್ತದೆ. ಶೇ 5ರ ದ್ರಾವಣವಾದರೆ ಒಂದು ಪಾಲಿಗೆ ಒಂಬತ್ತು ಪಾಲು ನೀರು. ಬ್ಲೀಚಿಂಗ್ ಪೌಡರ್ ಆದರೆ ಲೀಟರಿಗೆ ಸುಮಾರು 17 ಗ್ರಾಂ. ಅವತ್ತಿನದನ್ನು ಅವತ್ತೇ ಕಲಸಿ, ನೆಲ ಹತ್ತು ನಿಮಿಷ ಒದ್ದೆಯಾಗಿಯೇ ಇರಲಿ. ನಮ್ಮಲ್ಲಿ ನೆಲ ತೊಳೆಯುವವರು ಕೂಡಲೇ ಆಸಿಡ್ ಬಾಟಲಿಗೆ ಕೈ ಹಾಕುತ್ತಾರೆ. ಬ್ಲೀಚಿಗೆ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಕೋಣೆಯಲ್ಲಿ ಜೀವಕ್ಕೇ ಅಪಾಯ. ಮಾರ್ಬಲ್, ಮೊಸಾಯಿಕ್ ನೆಲವೂ ಆಸಿಡ್‌ಗೆ ಸುಟ್ಟುಹೋಗುತ್ತದೆ. ಬಾಗಿಲು, ಸ್ವಿಚ್ ಬೋರ್ಡುಗಳ ಮೇಲೆ ಬೆರಳಚ್ಚಿನವರು ಹಚ್ಚಿದ ಕರಿ ಪುಡಿಯನ್ನು ಒದ್ದೆ ಬಟ್ಟೆಯಿಂದ ಉಜ್ಜಿದರೆ ಅದು ಎಲ್ಲೆಡೆ ಮೆತ್ತಿಕೊಳ್ಳುತ್ತದೆ. ಮೊದಲು ಒಣ ಬ್ರಷ್, ವ್ಯಾಕ್ಯೂಮ್, ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್.

ಶವ ದಿನಗಟ್ಟಲೆ ಇದ್ದು ಆಮೇಲೆ ಪತ್ತೆಯಾದ ಮನೆಯಲ್ಲಿ ಮೇಲೆ ಎಷ್ಟು ತೊಳೆದರೂ ಸಾಲದು. ದ್ರವ ಟೈಲ್ಸಿನ ಸಂದಿಯಿಂದ ಇಳಿದು ಕೆಳಗಿನ ಸಿಮೆಂಟು ಮರಳಿನ ಪದರದಲ್ಲಿ ಅಡ್ಡಡ್ಡ ಹರಡುತ್ತದೆ, ಮೇಲೆ ಕಾಣುವ ಕಲೆಗಿಂತ ಕೆಳಗಿನದು ಯಾವಾಗಲೂ ದೊಡ್ಡದು. ಕಲೆಯ ಅಂಚಿನಿಂದ ಒಂದಡಿ ಆಚೆಯಿಂದ ಟೈಲ್ಸ್ ಎಬ್ಬಿಸಿ, ಶುದ್ಧ ಬೂದು ಬಣ್ಣದ ಗಾರೆ ಕಾಣುವವರೆಗೆ ಕೆತ್ತಿಸಿ. ಸ್ಲ್ಯಾಬನ್ನು ಬ್ಲೀಚಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಎರಡು ಕೋಟ್ ಇಪಾಕ್ಸಿ ಬಳಿದು, ಆಮೇಲೆ ಹೊಸ ನೆಲ. ಗೋಡೆಯ ಬುಡದ ಪ್ಲಾಸ್ಟರ್ ದ್ರವವನ್ನು ಮೇಲಕ್ಕೆ ಎಳೆದಿರುತ್ತದೆ, ಸ್ಕರ್ಟಿಂಗ್ ತೆಗೆಸಿ ಇಟ್ಟಿಗೆಯವರೆಗೆ ನೋಡಿ. ಮರದ ಬಾಗಿಲಿನ ಚೌಕಟ್ಟಿನ ಕೆಳತುದಿಯನ್ನೂ ಮರೆಯಬೇಡಿ. ಇದನ್ನು ಬಿಟ್ಟು ಪೇಂಟ್, ಊದುಬತ್ತಿಯಲ್ಲಿ ಮುಗಿಸಿದ ಮನೆಗಳಲ್ಲಿ ಬೇಸಿಗೆ ಪೂರ್ತಿ ಏನೂ ಇರುವುದಿಲ್ಲ. ಮೊದಲ ಮಳೆಗೆ ತೇವ ಏರಿ, ಒಳಗೆ ಉಳಿದದ್ದು ಮತ್ತೆ ನೆನೆದು ವಾಸನೆ ಬರುತ್ತದೆ. ಜನ ಅದಕ್ಕೆ ಬೇರೆಯದೇ ಅರ್ಥ ಕಟ್ಟುತ್ತಾರೆ. ಗೋಡೆಗೆ ನೇರವಾಗಿ ಎಮಲ್ಷನ್ ಹೊಡೆದರೂ ಕಂದು ಕಲೆ ಮೇಲೆ ಬರುತ್ತದೆ, ಮೊದಲು ಸಾಲ್ವೆಂಟ್ ಬೇಸ್ ಪ್ರೈಮರ್ ಬೇಕು.

ಸತ್ತವರ ಫೋಟೋ, ಒಡವೆ, ಕಾಗದ, ಮಕ್ಕಳ ಪುಸ್ತಕ ಯಾವುದೂ ಗುಜರಿಗೆ ಹೋಗಬಾರದು. ಪಟ್ಟಿ ಮಾಡಿ ಮನೆಯವರ ಸಹಿ ಪಡೆದು ಒಪ್ಪಿಸಿ.

ಬೆಲೆಯ ವಿಷಯ. ಸ್ವತಂತ್ರ ಮನೆಯಾದರೆ ಬೆಂಗಳೂರಿನಲ್ಲಿ ಬೆಲೆಯ ಬಹುಪಾಲು ಸೈಟಿನದು, ಕೆಡವಿ ಕಟ್ಟುವವರು ಸಿಗುತ್ತಾರೆ, ಇಳಿಕೆ ಕಡಿಮೆ. ಫ್ಲ್ಯಾಟನ್ನು ಕೆಡವಲಾಗದು, ಅಲ್ಲಿ ಹೆಚ್ಚು ಬಿಡಬೇಕಾಗುತ್ತದೆ. ಬೆಲೆ ಮಾರ್ಗಸೂಚಿ ದರಕ್ಕಿಂತ (ನೋಂದಣಿಗೆಂದು ಸರ್ಕಾರ ನಿಗದಿ ಮಾಡಿದ ದರ) ಕೆಳಗಿಳಿದರೆ ತೆರಿಗೆಯ ಪೆಟ್ಟು ಇಬ್ಬರಿಗೂ ಬೀಳುತ್ತದೆ. ಮಾರ್ಗಸೂಚಿ ದರದಲ್ಲಿ 1 ಕೋಟಿಯಾಗುವ ಮನೆ 82 ಲಕ್ಷಕ್ಕೆ ಹೋಯಿತು ಎನ್ನಿ. ಮುದ್ರಾಂಕ ಶುಲ್ಕ ಸೆಸ್, ಸರ್‌ಚಾರ್ಜ್ ಸೇರಿ ಶೇ 5.6, ಮತ್ತು 2025ರ ಆಗಸ್ಟ್ 31ರಿಂದ ಶೇ 2 ಆಗಿರುವ ನೋಂದಣಿ ಶುಲ್ಕ, ಎರಡೂ 1 ಕೋಟಿಯ ಮೇಲೇ: 7.6 ಲಕ್ಷ. ವ್ಯತ್ಯಾಸ ಶೇ 10 ಮೀರಿದ್ದರಿಂದ ಆದಾಯ ತೆರಿಗೆಯಲ್ಲಿ ಮಾರಿದವರಿಗೆ 1 ಕೋಟಿಗೆ ಮಾರಿದಂತೆ ಲೆಕ್ಕ, ಕೊಂಡವರಿಗೆ 18 ಲಕ್ಷ ಆದಾಯವೆಂದು ಸೇರುತ್ತದೆ. ಪರಿಹಾರವಿದೆ. ಕರ್ನಾಟಕ ಮುದ್ರಾಂಕ ಕಾಯ್ದೆಯ 45-ಎ ಅಡಿ ನಿಜವಾದ ಮಾರುಕಟ್ಟೆ ಬೆಲೆ ನಿಗದಿಗೆ ದಸ್ತಾವೇಜನ್ನು ಜಿಲ್ಲಾ ನೋಂದಣಾಧಿಕಾರಿಗೆ ಕಳಿಸುವಂತೆ ಕೇಳಿ. ತೆರಿಗೆ ಅಧಿಕಾರಿಯ ಮುಂದೆಯೂ ಮೌಲ್ಯಮಾಪನ ಅಧಿಕಾರಿಗೆ ಒಪ್ಪಿಸಲು ಕೋರಬಹುದು. ಎಫ್‌ಐಆರ್ ನಕಲು, ಪತ್ರಿಕೆಯ ತುಣುಕುಗಳು, ನೋಂದಾಯಿತ ವ್ಯಾಲ್ಯೂಯರ್ ವರದಿ ಫೈಲಿನಲ್ಲಿರಲಿ. ವ್ಯತ್ಯಾಸವನ್ನು ಕ್ಯಾಶಿನಲ್ಲಿ ತೋರಿಸಿ ಸರಿಮಾಡೋಣ ಎನ್ನುವವರನ್ನು ದೂರ ಇಡಿ.

ಕೊನೆಗೆ ಹೇಳುವುದು, ಯಾವಾಗ ಹೇಳುವುದು. ಕೊಲೆಯನ್ನು ಹೇಳಲೇಬೇಕು ಎಂದು ಹೆಸರಿಸಿ ಬರೆದ ಕಾನೂನು ನಮ್ಮಲ್ಲಿಲ್ಲ. ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಸ್ವತ್ತಿನ ಮುಖ್ಯ ದೋಷ ತಿಳಿಸಬೇಕು ಎನ್ನುತ್ತದೆ, ಕೊಲೆ ಅದರೊಳಗೆ ಬರುತ್ತದೆಯೇ ಎಂಬುದು ವಾದದ ವಿಷಯ. ಆದರೆ ಕೇಳಿದಾಗ ಸುಳ್ಳು ಹೇಳಿದರೆ ಕರಾರು ಕಾಯ್ದೆಯ 17ನೇ ಕಲಂನ ವಂಚನೆ, ವ್ಯಾಪಾರವೇ ರದ್ದಾಗಬಹುದು. ಕ್ಯಾಲಿಫೋರ್ನಿಯಾದಲ್ಲಿ ಮೂರು ವರ್ಷದೊಳಗಿನ ಸಾವನ್ನು ತಿಳಿಸಬೇಕು, ಅದಕ್ಕಿಂತ ಹಳೆಯದಾದರೂ ನೇರವಾಗಿ ಕೇಳಿದರೆ ಸುಳ್ಳು ಹೇಳುವಂತಿಲ್ಲ. ಜಪಾನ್ ಸರ್ಕಾರ 2021ರಲ್ಲಿ ಮಾರ್ಗಸೂಚಿ ಹೊರಡಿಸಿ ಬಾಡಿಗೆ ಮನೆಗೆ ಸುಮಾರು ಮೂರು ವರ್ಷದವರೆಗೆ ತಿಳಿಸಬೇಕು ಎಂದಿತು. ನಮ್ಮ ಇಸಿಯಲ್ಲಿ (ನೋಂದಣಿ ಕಚೇರಿ ಕೊಡುವ ಋಣಭಾರ ಪತ್ರ) ಕಾಣುವುದು ನೋಂದಾಯಿತ ವ್ಯವಹಾರ ಮಾತ್ರ, ಕೊಲೆ ಅದರಲ್ಲಿ ಬರುವುದಿಲ್ಲ. ಹಾಗಾಗಿ ನಾನು ಮನೆ ತೋರಿಸುವ ಮೊದಲು ಫೋನಿನಲ್ಲೇ ಹೇಳುತ್ತೇನೆ. ಬರದವರು ಬರದಿರಲಿ, ಬಂದವರು ಗಟ್ಟಿ ಪಾರ್ಟಿ. ಕರಾರಿನಲ್ಲಿ ಹೀಗೆ ಬರೆಸುತ್ತೇನೆ:

'ಷೆಡ್ಯೂಲು ಸ್ವತ್ತಿನಲ್ಲಿ ದಿನಾಂಕ … ರಂದು ಕೊಲೆ ನಡೆದಿದ್ದು, … ಪೊಲೀಸ್ ಠಾಣೆಯಲ್ಲಿ ಅಪರಾಧ ಸಂಖ್ಯೆ … ದಾಖಲಾಗಿರುತ್ತದೆ. ಈ ಸಂಗತಿಯನ್ನು ಮಾರಾಟಗಾರರು ಮುಂಗಡ ಹಣ ಪಡೆಯುವ ಮೊದಲೇ ಖರೀದಿದಾರರಿಗೆ ತಿಳಿಸಿರುತ್ತಾರೆ. ಖರೀದಿದಾರರು ಇದನ್ನು ಅರಿತು ಸ್ವಇಚ್ಛೆಯಿಂದ ಖರೀದಿಗೆ ಒಪ್ಪಿರುತ್ತಾರೆ.'

ಸತ್ತವರ ಹೆಸರು, ಕೊಲೆಯಾದ ಬಗೆ ಬರೆಯಬೇಕಿಲ್ಲ. ಅಪರಾಧ ಸಂಖ್ಯೆ ಇದ್ದರೆ ಸಾಕು, ಮುಂದೆ 'ನಮಗೆ ಗೊತ್ತಿರಲಿಲ್ಲ' ಎನ್ನುವಂತಿಲ್ಲ. ಮನೆಗೆ ಬರುವವರಲ್ಲಿ ಮಕ್ಕಳಿದ್ದರೆ, ಬೀದಿಯ ಮಕ್ಕಳು ಹೇಳುವ ಮೊದಲು ಅಪ್ಪ ಅಮ್ಮನೇ ಅವರ ವಯಸ್ಸಿಗೆ ತಕ್ಕಂತೆ ಹೇಳಲಿ. ವಾಸ್ತು ಶಾಂತಿಯೋ, ಪ್ರಾರ್ಥನೆಯೋ ಮಾಡಿಸುವ ಮನಸ್ಸಿದ್ದರೆ ನೆಲದ ಕೆಲಸ ಪೂರ್ತಿ ಮುಗಿದ ಮೇಲೆ ಇಟ್ಟುಕೊಳ್ಳಿ, ಅಕ್ಕಪಕ್ಕದವರನ್ನೂ ಊಟಕ್ಕೆ ಕರೆಯಿರಿ. ಆ ಮನೆಯೊಳಗೆ ಮತ್ತೆ ಕಾಲಿಡಲು ಅವರಿಗೂ ಒಂದು ನೆಪ ಬೇಕಿರುತ್ತದೆ.