ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಪವರ್ ಸಪ್ಲೈ ಬಿಸಿಯಾದರೆ

ಹೊಸ ಕಾರ್ಡ್ ಹಾಕಿ, ಗೇಮ್ ಶುರು ಮಾಡಿ 20 ನಿಮಿಷ ಆಗಿರುವುದಿಲ್ಲ, ಕಂಪ್ಯೂಟರ್ ಪಟ್ಟನೆ ಆಫ್. ಕ್ಯಾಬಿನೆಟ್ ಹಿಂದೆ ಕೈ ಹಿಡಿದರೆ ಕಾದ ಗಾಳಿ. ನನಗೂ ಹೀಗೇ ಆಗಿತ್ತು. ಕಾರ್ಡೇ ಕೆಟ್ಟಿದೆ ಅಂದುಕೊಂಡು ಎರಡು ದಿನ ಅದನ್ನೇ ಬಿಚ್ಚಿ, ಮತ್ತೆ ಹಾಕಿ ನೋಡಿದೆ. ತೊಂದರೆ ಇದ್ದದ್ದು ಪವರ್ ಸಪ್ಲೈನಲ್ಲಿ, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿನ ಭಾಗಗಳಿಗೆ ಹಂಚುವ ಡಬ್ಬಿಯಲ್ಲಿ. ಅದು ಕೂಡ ಕೆಟ್ಟಿರಲಿಲ್ಲ, ಪಾಪ, ಅದರ ಕೈಲಾಗದಷ್ಟು ಹೊರೆ ಹೊರಿಸಿದ್ದೆ.

ಸುಟ್ಟ ವಾಸನೆ ಬರುತ್ತಿದ್ದರೆ ಮುಂದಿನದನ್ನು ಆಮೇಲೆ ಓದಿ. ಮೊದಲು ಗೋಡೆಯ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತುಬಿಡಿ. ಪವರ್ ಸಪ್ಲೈ ಡಬ್ಬಿಯ ಸ್ಕ್ರೂ ಮಾತ್ರ ಯಾವತ್ತೂ ಬಿಚ್ಚಬೇಡಿ. ಒಳಗಿನ ಕೆಪಾಸಿಟರ್‌ಗಳಲ್ಲಿ (ವಿದ್ಯುತ್ ಕೂಡಿಟ್ಟುಕೊಳ್ಳುವ ಭಾಗಗಳು) 300 ವೋಲ್ಟ್‌ಗಿಂತ ಜಾಸ್ತಿ ತುಂಬಿರುತ್ತದೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಅದು ಹಾಗೇ ಉಳಿದಿರಬಹುದು.

ಈಗ ಲೆಕ್ಕಕ್ಕೆ ಬರೋಣ. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು, ಟಾರ್ಚ್ ಹಿಡಿದು ಪವರ್ ಸಪ್ಲೈ ಮೈಮೇಲಿನ ಲೇಬಲ್ ಓದಿ. ದಪ್ಪ ಅಕ್ಷರದ ಸಂಖ್ಯೆ ನೋಡಿ ಸುಮ್ಮನಾಗಬೇಡಿ. ಗ್ರಾಫಿಕ್ಸ್ ಕಾರ್ಡ್ ಮತ್ತು ಪ್ರೊಸೆಸರ್ ಎರಡೂ ಶಕ್ತಿ ಪಡೆಯುವುದು 12 ವೋಲ್ಟ್ ಸಾಲಿನಿಂದ. ನನ್ನದರ ಮೇಲೆ 500 ವ್ಯಾಟ್ ಅಂತ ದೊಡ್ಡದಾಗಿ ಬರೆದಿತ್ತು. 12 ವೋಲ್ಟ್ ಕೆಳಗೆ ಇದ್ದದ್ದು 32 ಆಂಪಿಯರ್. ಗುಣಿಸಿದರೆ 384 ವ್ಯಾಟ್, ಅಷ್ಟೇ. ಕಾರ್ಡಿಗೆ 220, ಪ್ರೊಸೆಸರ್‌ಗೆ 125, ಫ್ಯಾನ್, ಡಿಸ್ಕ್, ಬೋರ್ಡ್ ಎಲ್ಲ ಸೇರಿ 50. ಒಟ್ಟು 395. ಬಿಸಿಯಾಗದೆ ಇನ್ನೇನು ಆಗುತ್ತದೆ?

ಈ ಬಿಸಿ ಬರುವುದು ಎಲ್ಲಿಂದ ಅಂತಲೂ ಹೇಳಿಬಿಡುತ್ತೇನೆ. ಗೋಡೆಯಿಂದ ಬಂದ ಕರೆಂಟ್ ಪೂರ್ತಿ ಬೋರ್ಡಿಗೆ ಹೋಗುವುದಿಲ್ಲ. 80 ಪರ್ಸೆಂಟ್ ದಕ್ಷತೆಯ ಸಪ್ಲೈ 400 ವ್ಯಾಟ್ ಕೊಡಬೇಕಾದರೆ 500 ವ್ಯಾಟ್ ಎಳೆಯುತ್ತದೆ. ಉಳಿದ 100 ವ್ಯಾಟ್ ಆ ಪುಟ್ಟ ಡಬ್ಬಿಯೊಳಗೇ ಶಾಖವಾಗುತ್ತದೆ. ಹಳೆಯ ಕಾರ್ಡ್ ಇದ್ದಾಗ ಇದರ ಅರ್ಧವೂ ಇರಲಿಲ್ಲ. ಅದೇ ಫ್ಯಾನು, ಅದೇ ಗಾಳಿ, ಕೆಲಸ ಮಾತ್ರ ಎರಡು ಪಟ್ಟು.

ಲೆಕ್ಕ ಸರಿಯಿದ್ದೂ ಬಿಸಿಯಾದರೆ ಗಾಳಿ ಓಡಾಡುತ್ತಿದೆಯಾ ನೋಡಿ. ತೆಳು ಟಿಶ್ಯೂ ಪೇಪರಿನ ಒಂದು ಪಟ್ಟಿ ಹರಿದು, ಗೇಮ್ ಓಡುತ್ತಿರುವಾಗ ಪವರ್ ಸಪ್ಲೈ ಹಿಂದಿನ ಜಾಲರಿಯ ಎದುರು ಹಿಡಿಯಿರಿ. ಪಟ್ಟಿ ಹೊರಗಡೆಗೆ ಪಟಪಟ ಹಾರಬೇಕು. ಸೋತು ಜೋತುಬಿದ್ದರೆ ಧೂಳು ಕಟ್ಟಿದೆ ಅಥವಾ ಫ್ಯಾನ್ ಕೈಕೊಟ್ಟಿದೆ. ಕೆಲವು ಸಪ್ಲೈಗಳಲ್ಲಿ ಕಡಿಮೆ ಕೆಲಸವಿದ್ದಾಗ ಫ್ಯಾನ್ ತಿರುಗುವುದೇ ಇಲ್ಲ, ಹಾಗಾಗಿ ಸುಮ್ನೆ ಆನ್ ಮಾಡಿಟ್ಟು ಪರೀಕ್ಷೆ ಮಾಡಬೇಡಿ. ಸಪ್ಲೈ ಕೆಳಗಿದ್ದು ಅದರ ಫ್ಯಾನ್ ನೆಲದ ಕಡೆ ಮುಖ ಮಾಡಿದ್ದರೆ, ಅಡಿಯ ಫಿಲ್ಟರ್ ಎಳೆದು ತೊಳೆಯಿರಿ. ಕ್ಯಾಬಿನೆಟ್ ಕಂಬಳಿ ಅಥವಾ ಕಾರ್ಪೆಟ್ ಮೇಲಿದ್ದರೆ ಗಟ್ಟಿ ಹಲಗೆ ಮೇಲೆ ಇಡಿ.

ಕೇಬಲ್ ಕಡೆಗೂ ಕಣ್ಣು ಹಾಯಿಸಿ. ಒಂದು 8 ಪಿನ್ ಕನೆಕ್ಟರ್ ಕೊಡುವುದು 150 ವ್ಯಾಟ್, 6 ಪಿನ್‌ನದು 75, ಕಾರ್ಡ್ ಕೂರುವ ಬೋರ್ಡಿನ ಸ್ಲಾಟ್ ತಾನೇ ಕೊಡುವುದು ಇನ್ನೊಂದು 75. ಕಾರ್ಡಿನಲ್ಲಿ ಎರಡು 8 ಪಿನ್ ಇದ್ದರೆ ಸಪ್ಲೈಯಿಂದ ಎರಡು ಬೇರೆ ಬೇರೆ ಕೇಬಲ್ ತನ್ನಿ. ಒಂದೇ ಕೇಬಲ್ಲಿನ ಎರಡು ಬಾಲವನ್ನು ಎರಡಕ್ಕೂ ಸಿಕ್ಕಿಸಿದರೆ ಹೊರೆಯೆಲ್ಲ ಒಂದೇ ಕೇಬಲ್ ಮೇಲೆ. ಕನೆಕ್ಟರ್ ಕಿತ್ತು ಒಳಗೆ ನೋಡಿ: ಪಿನ್ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಆ ಕೇಬಲ್ ಮತ್ತೆ ಬಳಸುವ ಹಾಗಿಲ್ಲ.

ಹೊಸ ಸಪ್ಲೈ ಬರುವ ತನಕ ಕಾರ್ಡಿನ ಪವರ್ ಲಿಮಿಟ್, ಅಂದರೆ ಅದು ಎಳೆಯಬಹುದಾದ ವ್ಯಾಟ್ ಮಿತಿ, ಇಳಿಸಿ. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನೋ ಕಾರ್ಡ್ ನಿಯಂತ್ರಿಸುವ ಸಾಫ್ಟ್‌ವೇರ್‌ನಲ್ಲಿ ಅದಕ್ಕೊಂದು ಸ್ಲೈಡರ್ ಇದೆ. 75 ಪರ್ಸೆಂಟಿಗೆ ತಂದರೆ ಗೇಮ್ ವೇಗ ಸ್ವಲ್ಪ ತಗ್ಗುತ್ತದೆ, ಶಾಖ ಚೆನ್ನಾಗಿಯೇ ತಗ್ಗುತ್ತದೆ.

ಕೊಳ್ಳುವಾಗ ನಿಮ್ಮ ಒಟ್ಟು ವ್ಯಾಟ್ ಸಪ್ಲೈ ಸಾಮರ್ಥ್ಯದ ಮೂರನೇ ಎರಡು ಪಾಲು ಮೀರದಿರಲಿ. ಗ್ರಾಫಿಕ್ಸ್ ಕಾರ್ಡುಗಳು ಕ್ಷಣಮಾತ್ರಕ್ಕೆ ಹೇಳಿದ್ದಕ್ಕಿಂತ ತುಂಬಾ ಜಾಸ್ತಿ ಎಳೆಯುತ್ತವೆ, ಅದಕ್ಕೆ ಜಾಗ ಬೇಕಲ್ವಾ? ನನ್ನ 395ಕ್ಕೆ 650 ವ್ಯಾಟ್ ತಂದೆ. ಹೊಸದರ ಜೊತೆ ಬಂದ ಕೇಬಲ್ಲುಗಳನ್ನೇ ಹಾಕಿ. ಹಳೆಯ ಕೇಬಲ್ ಸಲೀಸಾಗಿ ಕೂತರೂ ಸಪ್ಲೈ ಕಡೆಯ ಪಿನ್‌ಗಳ ಜೋಡಣೆ ಬೇರೆ ಇರಬಹುದು, ಒಂದು ತಪ್ಪಾದರೂ ಕಾರ್ಡೋ ಡಿಸ್ಕೋ ಆನ್ ಮಾಡಿದ ಕೂಡಲೇ ಸುಟ್ಟುಹೋಗಬಹುದು. ಹಳೆಯ ಕೇಬಲ್ಲುಗಳನ್ನು ಹಳೆಯ ಸಪ್ಲೈಗೇ ರಬ್ಬರ್ ಬ್ಯಾಂಡ್ ಸುತ್ತಿ ಕಟ್ಟಿಡಿ.