ಹನ್ನೆರಡು ಹೆಸರಿನ ಪಟ್ಟಿ

ಕಾರವಾರ ತಾಲ್ಲೂಕಿನಲ್ಲಿ, ಕಾಳಿ ನದಿಯ ಉತ್ತರ ದಂಡೆಯ ಒಂದು ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ಮಳೆಗಾಲದ ಜೊತೆಗೇ ನಮ್ಮಲ್ಲಿ ಶಾಲಾ ಸಂಸತ್ತಿನ ಗಡಿಬಿಡಿ ಶುರುವಾಗುತ್ತದೆ. ಹಿಂದೆಲ್ಲ ಮಕ್ಕಳು ಮತ ಹಾಕಿ ಒಬ್ಬ ಮುಖ್ಯಮಂತ್ರಿಯನ್ನು ಆರಿಸುತ್ತಿದ್ದರು. ಉಳಿದ ಮಂತ್ರಿಗಳ ಹೆಸರನ್ನು ಶಿಕ್ಷಕರ ಕೊಠಡಿಯಲ್ಲಿ ನಾವೇ ಬರೆದುಬಿಡುತ್ತಿದ್ದೆವು. ಹೆಚ್ಚು ಅಂಕ ತೆಗೆದವಳಿಗೆ ಶಿಕ್ಷಣ, ಚೆನ್ನಾಗಿ ಓಡುವವನಿಗೆ ಕ್ರೀಡೆ, ಹಾಡುವವಳಿಗೆ ಸಾಂಸ್ಕೃತಿಕ ಖಾತೆ. ಅಂಗಿಗೆ ಬ್ಯಾಜು ಸಿಕ್ಕಿಸಿದರೆ ಮುಗಿಯಿತು. ಕೈತೊಳೆಯುವ ನಲ್ಲಿ ಎರಡು ತಿಂಗಳು ಸೋರಿದರೂ ಯಾವ ಮಂತ್ರಿಯೂ ಯಾರಿಗೂ ಉತ್ತರ ಕೊಡಬೇಕಾಗಿರಲಿಲ್ಲ. ಕೊಡುವುದಾದರೂ ಯಾರಿಗೆ? ಮುಖ್ಯಮಂತ್ರಿ ಅವರನ್ನು ಆರಿಸಿರಲಿಲ್ಲ. ಆರಿಸಿದ ನಾವು ಮರೆತಿದ್ದೆವು.

2023ರ ಬೇಸಿಗೆ ರಜೆಯಲ್ಲಿ ಮನೆಮನೆಯಲ್ಲೂ ಸಂಪುಟದ್ದೇ ಮಾತು. ಮೇ 20ರಂದು ಸಿದ್ದರಾಮಯ್ಯ ಮತ್ತು ಡಿ.ಕೆ. ಶಿವಕುಮಾರ್ ಅವರ ಜೊತೆ ಎಂಟು ಮಂದಿ ಪ್ರಮಾಣವಚನ ಸ್ವೀಕರಿಸಿದರು. ಒಂದು ವಾರದ ನಂತರ ಇನ್ನೂ 24 ಮಂದಿ. ಭಟ್ಕಳದ ಶಾಸಕ ಮಂಕಾಳ ವೈದ್ಯರಿಗೆ ಮೀನುಗಾರಿಕೆ ಮತ್ತು ಬಂದರು ಖಾತೆ ಬಂತು. ಹಲವು ಬಾರಿ ಮಂತ್ರಿಯಾಗಿದ್ದ ಹಳಿಯಾಳದ ಆರ್.ವಿ. ದೇಶಪಾಂಡೆಯವರ ಹೆಸರು ಪಟ್ಟಿಯಲ್ಲಿರಲಿಲ್ಲ. ಶಾಲೆ ತೆರೆದ ವಾರವೇ ಹತ್ತನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು ಕೇಳಿದ: “ಟೀಚರ್, ಜನ ಶಾಸಕರಿಗೆ ವೋಟು ಹಾಕಿದರು. ಮಂತ್ರಿಗೆ ಯಾರೂ ಹಾಕಲಿಲ್ಲವಲ್ಲ. ಮತ್ತೆ ಅವರನ್ನು ಮಾಡಿದ್ದು ಯಾರು?”

ಪಠ್ಯಪುಸ್ತಕದ ಉತ್ತರ ಒಂದೇ ಸಾಲಿನದು. ಸಂವಿಧಾನದ 164ನೆಯ ವಿಧಿಯ ಪ್ರಕಾರ ಮುಖ್ಯಮಂತ್ರಿಯನ್ನು ರಾಜ್ಯಪಾಲರು ನೇಮಿಸುತ್ತಾರೆ. ಉಳಿದ ಮಂತ್ರಿಗಳನ್ನು ಮುಖ್ಯಮಂತ್ರಿಯ ಸಲಹೆಯಂತೆ ನೇಮಿಸುತ್ತಾರೆ. ಕೇಂದ್ರದಲ್ಲಿ ಪ್ರಧಾನಿ ಮತ್ತು ರಾಷ್ಟ್ರಪತಿಗೆ 75ನೆಯ ವಿಧಿ ಹೇಳುವುದೂ ಇದನ್ನೇ. ಆದರೆ ಆ ‘ಸಲಹೆ’ ಎಂಬ ಮೂರಕ್ಷರದ ಒಳಗೆ ಜಿಲ್ಲೆ, ಜಾತಿ, ಹಿರಿತನ, ಬಣ, ಮಿತ್ರಪಕ್ಷ, ದೆಹಲಿಯ ವರಿಷ್ಠರು ಎಲ್ಲವೂ ಅಡಗಿವೆ. ಅದನ್ನು ಹಲಗೆಯ ಮೇಲೆ ಬರೆದು ತಿಳಿಸಲಾಗದು, ಪಟ್ಟಿ ಮಾಡಲು ಕೂತವರಿಗೇ ಗೊತ್ತಾಗಬೇಕು ಅನಿಸಿತು. ಮುಖ್ಯಾಧ್ಯಾಪಕರ ಒಪ್ಪಿಗೆ ಪಡೆದು ಆ ವರ್ಷದಿಂದ ಕ್ರಮವನ್ನೇ ಬದಲಾಯಿಸಿದೆ.

ಕೇರಿವಾರು ಕ್ಷೇತ್ರ ಮಾಡಿ 40 ಪ್ರತಿನಿಧಿಗಳನ್ನು ಆರಿಸಿದೆವು. ನಲವತ್ತಕ್ಕೆ ಕಾರಣವಿದೆ: ಪಕ್ಕದ ಗೋವಾ ವಿಧಾನಸಭೆಯಲ್ಲಿ ಇರುವುದೂ ಅಷ್ಟೇ ಸ್ಥಾನ, ನಮ್ಮ ಮಕ್ಕಳ ಮಾವಂದಿರು, ಅಣ್ಣಂದಿರು ದುಡಿಯುವುದು ಅಲ್ಲಿ. 2003ರ 91ನೆಯ ತಿದ್ದುಪಡಿಯ ನಂತರ ಮುಖ್ಯಮಂತ್ರಿಯೂ ಸೇರಿ ಮಂತ್ರಿಗಳ ಸಂಖ್ಯೆ ಸದನದ ಶೇಕಡಾ 15ನ್ನು ಮೀರುವಂತಿಲ್ಲ. ನಮ್ಮ ವಿಧಾನಸಭೆಯ 224ಕ್ಕೆ ಅದು 33.6, ರೂಢಿಯಲ್ಲಿ 34. ಗೋವಾದ ಲೆಕ್ಕ ಆರಕ್ಕೇ ನಿಲ್ಲಬೇಕಿತ್ತು. ಆದರೆ ರಾಜ್ಯ ಎಷ್ಟೇ ಚಿಕ್ಕದಾದರೂ 12ಕ್ಕಿಂತ ಕಡಿಮೆ ಇರಬಾರದು ಎಂದು ಅದೇ ತಿದ್ದುಪಡಿ ಹೇಳುತ್ತದೆ. ಹಾಗಾಗಿ ನಮಗೂ ಹನ್ನೆರಡು.

ಫಲಿತಾಂಶ ಬಂದಾಗ ಕಡಲ ಬದಿಯ ಗುಂಪಿಗೆ 18, ಗುಡ್ಡದ ಬದಿಗೆ 15, ನದಿಯ ಬದಿಗೆ 7. ಯಾರಿಗೂ 21 ಇಲ್ಲ. ಕಡಲ ಬದಿಯವರು ಒಬ್ಬ ಹುಡುಗಿಯನ್ನು ನಾಯಕಿಯಾಗಿ ಆರಿಸಿದ್ದರು. ನದಿ ಬದಿಯ ಏಳು ಮಂದಿ ಅವಳ ಬಳಿ ಬಂದು, “ಬೆಂಬಲ ಕೊಡುತ್ತೇವೆ, ಮೂರು ಸ್ಥಾನ ಬೇಕು, ಬಿಸಿಯೂಟ ನಮಗೇ ಇರಬೇಕು, ಹೆಸರನ್ನೂ ನಾವೇ ಕೊಡುತ್ತೇವೆ” ಎಂದರು. ಅವಳಿಗೆ ಸಿಟ್ಟು ಬಂತು. 2018ರಲ್ಲಿ ಎಚ್.ಡಿ. ಕುಮಾರಸ್ವಾಮಿಯವರು ಮೇ 23ರಂದು ಪ್ರಮಾಣವಚನ ಸ್ವೀಕರಿಸಿದರೂ ಸಂಪುಟ ವಿಸ್ತರಣೆಗೆ ಜೂನ್ 6ರವರೆಗೆ ಕಾಯಬೇಕಾಯಿತು, ಆ ಎರಡು ವಾರ ನಡೆದದ್ದು ಇಂಥದೇ ಮಾತುಕತೆ ಎಂದು ಹೇಳಿದೆ. ಕೊನೆಗೆ ಹಣಕಾಸು ಕುಮಾರಸ್ವಾಮಿಯವರ ಜೆಡಿಎಸ್‌ಗೆ, ಗೃಹ ಮಿತ್ರಪಕ್ಷ ಕಾಂಗ್ರೆಸ್ಸಿಗೆ ಎಂದಾಗಿತ್ತು. ಅವಳು ಬಿಸಿಯೂಟ ಬಿಟ್ಟುಕೊಟ್ಟಳು, ನೀರು ಮತ್ತು ಸ್ವಚ್ಛತೆ ಉಳಿಸಿಕೊಂಡಳು.

ತನ್ನನ್ನು ಬಿಟ್ಟರೆ ಅವಳ ಕೈಯಲ್ಲಿ ಉಳಿದದ್ದು ಎಂಟು ಸ್ಥಾನ. ಅವಳ ಮೊದಲ ಪಟ್ಟಿ ಈಗಲೂ ನನ್ನ ಬಳಿ ಇದೆ. ನೋಟುಬುಕ್ಕಿನ ನಡುವಿನಿಂದ ಹರಿದ ಗೆರೆಹಾಳೆ, ಪೆನ್ಸಿಲ್ ಬರಹ. ಎಂಟೂ ಹೆಸರು ಹತ್ತನೆಯ ತರಗತಿಯವರದು, ಅದರಲ್ಲಿ ಐದು ಅವಳದೇ ಕೇರಿಯವರದು. ಮಧ್ಯಾಹ್ನದ ಬಿಡುವಿನಲ್ಲಿ ಅವಳ ಗುಂಪಿನವರೇ ಮುತ್ತಿಕೊಂಡರು. ಎಂಟನೆಯ ತರಗತಿಗೆ ಒಂದೂ ಇಲ್ಲ, ಬಂದರಿನ ಆಚೆಯ ಕೇರಿಗೆ ಒಂದೂ ಇಲ್ಲ. ಸಂಜೆ ಗ್ರಂಥಾಲಯದ ಬೆಂಚಿನ ಮೇಲೆ ಕೂತು ಮತ್ತೆ ಬರೆದಳು. ಆರನೆಯ ಹೆಸರನ್ನು ಎಷ್ಟು ಬಾರಿ ಅಳಿಸಿದಳೆಂದರೆ ಕಾಗದ ತೆಳುವಾಗಿ ಅಲ್ಲಿ ತೂತು ಬಿದ್ದಿದೆ.

“ನೀವೇ ಹೇಳಿ ಟೀಚರ್, ಯಾರನ್ನು ಬಿಡಲಿ?” ಎಂದು ಕೇಳಿದಳು. ಹೇಳುವುದು ನನಗೆ ಸುಲಭವಿತ್ತು, ಹೇಳಲಿಲ್ಲ. “ನಾನು ಈಗ ರಾಜ್ಯಪಾಲರ ಜಾಗದಲ್ಲಿದ್ದೇನೆ. ನೀನು ಕೊಟ್ಟ ಪಟ್ಟಿಗೆ ಸಹಿ ಹಾಕುತ್ತೇನೆ” ಎಂದೆ.

ನಿಜವಾದ ಪರೀಕ್ಷೆ ನನಗೂ ಇತ್ತು. ಕೊನೆಯ ಪಟ್ಟಿಯಲ್ಲಿ ನೀರಿನ ಖಾತೆಗೆ ಅವಳು ಬರೆದಿದ್ದ ಹೆಸರು ದಿನವೂ ತಡವಾಗಿ ಬರುವ ಹುಡುಗನದು. ಅದನ್ನು ಹೊಡೆದುಹಾಕಲು ಕೈ ತುಡಿಯಿತು. ಸುಪ್ರೀಂ ಕೋರ್ಟ್ 2014ರಲ್ಲಿ, ಮನೋಜ್ ನರೂಲಾ ಪ್ರಕರಣದಲ್ಲಿ, ಗಂಭೀರ ಕ್ರಿಮಿನಲ್ ಆರೋಪ ಎದುರಿಸುತ್ತಿರುವವರನ್ನೂ ಮಂತ್ರಿ ಮಾಡಬಾರದೆಂದು ಆಜ್ಞೆ ಕೊಡಲಿಲ್ಲ. ಅಂಥವರನ್ನು ಆರಿಸದಿರುವ ವಿವೇಕವನ್ನು ಪ್ರಧಾನಿಯಿಂದ, ಮುಖ್ಯಮಂತ್ರಿಯಿಂದ ಸಂವಿಧಾನ ನಿರೀಕ್ಷಿಸುತ್ತದೆ ಎಂದಿತು. ಆಯ್ಕೆ ಅವರದೇ. ಇಲ್ಲಿ ಹುಡುಗನದು ಬರೀ ತಡ. ಯಾಕೆ ಇವನು ಎಂದಷ್ಟೇ ಕೇಳಿದೆ. “ಅವನ ಅಣ್ಣ ನಲ್ಲಿ ರಿಪೇರಿ ಮಾಡುತ್ತಾನೆ, ಇವನಿಗೂ ಕೈ ಪಳಗಿದೆ” ಎಂದಳು. ನನಗೆ ಗೊತ್ತಿರಲಿಲ್ಲ. ಸಹಿ ಹಾಕಿದೆ. ಎರಡನೆಯ ವಾರ ಅವನು ಮನೆಯಿಂದ ವಾಷರ್ ತಂದು ಹಾಕಿದ, ಸೋರುವುದು ನಿಂತಿತು.

ಕ್ರೀಡಾ ಖಾತೆಗೆ ಅವಳು ಬರೆದದ್ದು ಚುನಾವಣೆಯಲ್ಲಿ ಸೋತವನ ಹೆಸರು. ಗುಡ್ಡದ ಬದಿಯವರು ಗಲಾಟೆ ಮಾಡಿದರು. ಆಗ ನನಗೆ ನಮ್ಮ ಜಿಲ್ಲೆಯ ಕಥೆಯೇ ಒದಗಿತು. ಸಿದ್ದಾಪುರದ ರಾಮಕೃಷ್ಣ ಹೆಗಡೆಯವರು 1983ರ ಜನವರಿಯಲ್ಲಿ ಮುಖ್ಯಮಂತ್ರಿಯಾದಾಗ ರಾಜ್ಯ ಶಾಸಕಾಂಗದ ಸದಸ್ಯರಾಗಿರಲಿಲ್ಲ. ಆ ನಂತರ ಕನಕಪುರದ ಉಪಚುನಾವಣೆಯಲ್ಲಿ ಗೆದ್ದು ಬಂದರು. ಸದಸ್ಯರಲ್ಲದವರು ಆರು ತಿಂಗಳು ಮಂತ್ರಿಯಾಗಿರಬಹುದು, ಅಷ್ಟರಲ್ಲಿ ಗೆಲ್ಲದಿದ್ದರೆ ಹೋಗಬೇಕು. ಅವಧಿ ಮುಗಿದ ಮೇಲೆ ಮತ್ತೊಮ್ಮೆ ಪ್ರಮಾಣವಚನ ಕೊಟ್ಟು ಇನ್ನಾರು ತಿಂಗಳು ಇಟ್ಟುಕೊಳ್ಳುವ ಉಪಾಯವನ್ನು ಸುಪ್ರೀಂ ಕೋರ್ಟ್ 2001ರಲ್ಲಿ, ಪಂಜಾಬಿನ ಪ್ರಕರಣವೊಂದರಲ್ಲಿ, ಮುಚ್ಚಿಹಾಕಿತು. ನಮ್ಮ ಹುಡುಗನಿಗೆ ದಸರಾ ರಜೆಯವರೆಗೆ ಗಡುವು ಕೊಟ್ಟೆವು. ಅವನ ಕೇರಿಯಿಂದ ಒಬ್ಬಳು ಬೇರೆ ಶಾಲೆಗೆ ಹೋದದ್ದರಿಂದ ಸ್ಥಾನ ತೆರವಾಯಿತು, ನಾಲ್ಕು ಮತದಿಂದ ಗೆದ್ದ.

ಪ್ರಮಾಣವಚನದಲ್ಲಿ ಎರಡು ಭಾಗ: ಅಧಿಕಾರದ್ದು, ಗೋಪ್ಯತೆಯದು. ಎರಡನೆಯದನ್ನು ಮಕ್ಕಳು ಮಂತ್ರದಂತೆ ಓದಿ ಮುಗಿಸಿದರು. ಅದರ ಭಾರ ನವೆಂಬರಿನಲ್ಲಿ ತಿಳಿಯಿತು. ಕೊನೆಯ ಅವಧಿಯಲ್ಲಿ ಆಟದ ಮೈದಾನವನ್ನು ಎಂಟನೆಯವರಿಗೂ ಬಿಡಬೇಕೆಂದು ಸಂಪುಟ ತೀರ್ಮಾನಿಸಿತು. ಸಾಂಸ್ಕೃತಿಕ ಮಂತ್ರಿ ಹೊರಗೆ ಬಂದು, “ನಾನು ಒಪ್ಪಿರಲಿಲ್ಲ, ಅವಳೇ ಹಟ ಹಿಡಿದಳು” ಎಂದು ಹತ್ತನೆಯವರಿಗೆಲ್ಲ ಹೇಳಿದಳು. ಒಳಗೆ ಎಷ್ಟು ಬೇಕಾದರೂ ಜಗಳವಾಡಬಹುದು. ಹೊರಗೆ ಬಂದ ಮೇಲೆ ತೀರ್ಮಾನ ಹನ್ನೆರಡೂ ಮಂದಿಯದು. ಒಪ್ಪಲಾಗದಿದ್ದರೆ ರಾಜೀನಾಮೆ ಕೊಡಬೇಕು. ಅವಳು ಕೊಡಲಿಲ್ಲ.

ಅವಳು ಮುಖ್ಯಮಂತ್ರಿಯ ಬೆಂಚಿನ ಗೆಳತಿ. ಒಂದನೆಯ ತರಗತಿಯಿಂದ ಒಂದೇ ಡಬ್ಬಿಯಲ್ಲಿ ಊಟ ಮಾಡಿದವರು. ಎರಡು ದಿನ ಮುಖ್ಯಮಂತ್ರಿ ನನ್ನ ಕಣ್ಣಿಗೆ ಬೀಳದೆ ಓಡಾಡಿದಳು. ಮೂರನೆಯ ದಿನ ಪ್ರಾರ್ಥನೆ ಮುಗಿದ ಮೇಲೆ ಒಂದು ಕಾಗದ ತಂದು ಮೇಜಿನ ಮೇಲಿಟ್ಟಳು. ಸಾಂಸ್ಕೃತಿಕ ಖಾತೆಯ ಮಂತ್ರಿಯನ್ನು ಸಂಪುಟದಿಂದ ಕೈಬಿಡುವಂತೆ ಸಲಹೆ ನೀಡುತ್ತೇನೆ ಎಂಬ ಒಂದೇ ವಾಕ್ಯ, ಈ ಬಾರಿ ಪೆನ್ನಿನಲ್ಲಿ. ನಾನು ಸಹಿ ಮಾಡಿ, ಜವಾನರ ಕೈಯಲ್ಲಿ ಕಳಿಸುತ್ತೇನೆ ಎಂದೆ.

“ಬೇಡ ಟೀಚರ್, ನಾನೇ ಕೊಡುತ್ತೇನೆ” ಎಂದು ಕಾಗದವನ್ನು ನಾಲ್ಕಾಗಿ ಮಡಚಿಕೊಂಡು ಹೊರಟಳು.